ವೀಣೆ ಟೀಚರಮ್ಮನ ಬಾಯಿಗೆ ಯಾವ ಮಾತು? ಮೂರು ದಾರಿಗಳ ಹೋಲಿಕೆ

ಪಾತ್ರ: ಮೈಸೂರಿನ ಅಗ್ರಹಾರದಲ್ಲಿ ವೀಣೆ ಪಾಠ ಹೇಳುವ, 70 ದಾಟಿದ ಶಾರದಮ್ಮ. ಕಥೆಯಲ್ಲಿ ಅವರ ನಯ, ಸಂಸ್ಕಾರ ಮಾತಿನಲ್ಲೇ ಕಾಣಬೇಕು. ದೃಶ್ಯ: ಹತ್ತು ಗಂಟೆಯ ಪಾಠಕ್ಕೆ ಶಿಷ್ಯ ಹತ್ತೂವರೆಗೆ ಬರುತ್ತಾನೆ. ಅವರಿಗೆ ಬೇಸರವಾಗಿದೆ, ಆದರೆ ಗದರಿಸುವ ಪೈಕಿ ಅಲ್ಲ. ಈ ಒಂದೇ ದೃಶ್ಯವನ್ನು, 12 ಮಾತುಗಳಷ್ಟು, ಮೂರು ಬಗೆಯಲ್ಲಿ ಬರೆದು ಗಟ್ಟಿಯಾಗಿ ಓದಿ ನೋಡಿದ ಲೆಕ್ಕ ಇದು.

ಗ್ರಾಂಥಿಕ ಕನ್ನಡ

"ವಿಳಂಬಕ್ಕೆ ಕಾರಣವನ್ನು ತಿಳಿಯಬಹುದೇ?"

ಸುಸಂಸ್ಕೃತ ಪಾತ್ರ ಎಂದ ಕೂಡಲೇ ಕೈ ಹೋಗುವುದು ಇಲ್ಲಿಗೇ. ಮೊದಲ ಮಾತಿಗೆ ಗಾಂಭೀರ್ಯ ಬರುತ್ತದೆ. ನಾಲ್ಕನೆಯದರ ಹೊತ್ತಿಗೆ ಶಾರದಮ್ಮನ ತಲೆಗೆ ಪೌರಾಣಿಕ ನಾಟಕದ ಕಿರೀಟ ಏರಿರುತ್ತದೆ. ನಮ್ಮಲ್ಲಿ ಬರಹಕ್ಕೂ ಆಡುಮಾತಿಗೂ ಅಂತರ ದೊಡ್ಡದು. ಮನೆಯೊಳಗೆ ಹೀಗೆ ಮಾತಾಡುವವರು ಓದುಗರ ಕಿವಿಗೆ ಒಂದೋ ವಾರ್ತೆ ಓದುವವರು, ಇಲ್ಲವೇ ಹಾಸ್ಯಪಾತ್ರ. ಇದೇ ಶೈಲಿಯಲ್ಲಿ ಅವರು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವ ಒಂದು ಸಾಲು ಬರೆದು ನೋಡಿ, ಸಾಕು. ಇದೇ ದಾರಿ ಬೇಕೆಂದರೆ ಒಂದು ಮಾತಿಗೆ ಒಂದೇ ತತ್ಸಮ ಪದ, ಅಂದರೆ ಸಂಸ್ಕೃತದಿಂದ ಹಾಗೆಯೇ ಬಂದದ್ದು: "ಇಷ್ಟು ವಿಳಂಬ ಯಾಕಾಯ್ತಪ್ಪ?" ಇದು ನಿಲ್ಲುತ್ತದೆ. ಅವರು ಬರೆಯುವ ಕಾಗದಗಳಿಗೆ ಮಾತ್ರ ಪೂರ್ತಿ ಗ್ರಾಂಥಿಕವೇ ಸರಿ.

ಊರಿನ ಸೊಗಡು

ಧಾರವಾಡದಿಂದ ಬಂದು ನೆಲೆಸಿದವರು ಎಂದಿಟ್ಟುಕೊಳ್ಳಿ: "ಯಾಕೋ ತಮ್ಮಾ, ತಡಾ ಆತಲ್ಲ?"

ಜೀವ ತಕ್ಷಣ ಬರುತ್ತದೆ. ಆದರೆ ಇದು ಊರನ್ನು ಹೇಳುತ್ತದೆ, ನಯವನ್ನಲ್ಲ. ಸುತ್ತಲಿನವರೆಲ್ಲ ಮೈಸೂರಿನವರಾದರೆ ಪಾತ್ರ ಎದ್ದು ಕಾಣುತ್ತದೆ. ಕಥೆಯೇ ಧಾರವಾಡದ್ದಾದರೆ ಎಲ್ಲರೊಳಗೊಬ್ಬರು. ಇನ್ನೊಂದು ಅಪಾಯ: 'ಅದ', 'ಐತಿ' ಎರಡನ್ನೂ ಒಂದೇ ಬಾಯಲ್ಲಿ ಕಂಡಕಂಡಲ್ಲಿ ಬೆರೆಸುವುದು. ಯಾವುದನ್ನು ಆಡುತ್ತಾರೆ ಎನ್ನುವುದರಲ್ಲಿ ಮನೆತನ, ಜಾತಿಯೂ ಇಣುಕುತ್ತದೆ. ಆ ಕಡೆಯ ಓದುಗರು ಮೊದಲ ಪುಟದಲ್ಲೇ ಹಿಡಿಯುತ್ತಾರೆ.

ಸರಳ ಪದ, ಬೇರೆ ಕ್ರಿಯಾಪದ

"ನಮ್ಮ ಗಡಿಯಾರ ಸ್ವಲ್ಪ ಮುಂದಿದೆಯೋ ಏನೋ. ಹತ್ತೂವರೆ ತೋರಿಸುತ್ತಿದೆ."

ಇಲ್ಲಿ ಕಷ್ಟದ ಪದ ಒಂದೂ ಇಲ್ಲ. ಕನ್ನಡದಲ್ಲಿ ನಯ ಇರುವುದು ಪದಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ. ಹಾಗಾಗಿ ಶಾರದಮ್ಮನಿಗೆ ಕೊಟ್ಟದ್ದು ನಿಘಂಟಲ್ಲ, ನಾಲ್ಕು ಕಟ್ಟಳೆ. ಬೇರೆಯವರು 'ತೋರಿಸ್ತಿದೆ' ಎಂದು ನುಂಗಿದರೂ ಇವರ ಕ್ರಿಯಾಪದ ಪೂರ್ತಿ ಬರಬೇಕು. ಆಜ್ಞೆ ಕೂಡದು, 'ಶ್ರುತಿ ಮಾಡು' ಅಲ್ಲ, "ಶ್ರುತಿ ಒಮ್ಮೆ ನೋಡೋಣವೇ?" ತಪ್ಪನ್ನು ಮನುಷ್ಯರ ಮೇಲೆ ಹೊರಿಸದೆ ವಸ್ತುವಿನ ಮೇಲೆ ಹೊರಿಸಬೇಕು: ಗಡಿಯಾರ, ತಂತಿ, ಮಳೆ. ನಾಲ್ಕನೆಯದೇ ಕೀಲಿಕೈ: ಸಿಟ್ಟು ಏರಿದಷ್ಟೂ ಮರ್ಯಾದೆ ಏರಬೇಕು. ದಿನವೂ 'ನೀನು' ಎನಿಸಿಕೊಳ್ಳುವ ಹುಡುಗನಿಗೆ "ನಾಳೆ ತಾವು ಎಷ್ಟು ಗಂಟೆಗೆ ದಯಮಾಡಿಸುತ್ತೀರಿ?" ಎಂದರೆ ಬೈಗುಳ ಬೇಕಾಗಿಲ್ಲ. ಗ್ರಾಂಥಿಕ ದಾರಿಯಲ್ಲಿ ಈ ಏಟೇ ಸಿಗದು. ಅಲ್ಲಿ ಮೊದಲಿನಿಂದಲೂ ಎಲ್ಲರಿಗೂ 'ತಾವು'.

ಕೆಡುವುದು ಎಲ್ಲಿ ಎಂದರೆ, ಕಟ್ಟಳೆ ಎಲ್ಲೂ ಸಡಿಲವಾಗದಿದ್ದಾಗ. ಹನ್ನೆರಡೂ ಮಾತು ಸುತ್ತುಬಳಸಾದರೆ ಶಾರದಮ್ಮ ಕುಹಕಿಯಾಗಿಬಿಡುತ್ತಾರೆ. ನಾಲ್ಕು ಮಾತಿಗೊಂದು ನೇರ ಮಾತು ಇರಲಿ: "ಕಾಫಿ ಆರುತ್ತಿದೆ." ಅಕ್ಕ ಬಂದಾಗ "ಬಾ ಅಕ್ಕ, ಕೂತ್ಕೋ" ಎಂದೇ ಬರಲಿ, ಆ ಒಂದು ತುಂಡು ಮಾತಿನಿಂದ ಉಳಿದ ಪೂರ್ತಿ ಮಾತುಗಳಿಗೆ ಬೆಲೆ. ಪಲ್ಲವಿಯಂತೆ ಮರಳುವ ಪದ, ಉದಾಹರಣೆಗೆ 'ಆಗಲಿ', ದೃಶ್ಯಕ್ಕೆ ಒಮ್ಮೆ ಸಾಕು.

ಇಂಗ್ಲಿಷ್ ಬೆರೆಸುವ ನಾಲ್ಕನೆಯ ದಾರಿಯನ್ನು ಇಲ್ಲಿ ತೂಗಲಿಲ್ಲ. ಅದು ಓದಿದ ಕಾಲೇಜನ್ನು ತೋರಿಸೀತು, ಅಷ್ಟೆ.

ಮೂರಕ್ಕೂ ಒಂದೇ ಪರೀಕ್ಷೆ: 'ಎಂದರು ಶಾರದಮ್ಮ' ಎಂಬುದನ್ನೆಲ್ಲ ಹೊಡೆದುಹಾಕಿ ಓದಿಸುವುದು. ಮೂರರಲ್ಲೂ ಮಾತು ಯಾರದೆಂದು ಗೊತ್ತಾಗುತ್ತದೆ. ಆಕೆಗೆ ಬೇಸರವಾಗಿದೆ ಎಂಬುದೂ ಗೊತ್ತಾಗುವುದು ಮೂರನೆಯದರಲ್ಲಿ.