ಕೈ ಊತಕ್ಕೆ ‘ಲಿಂಫ್ಯಾಟಿಕ್ ಮಸಾಜ್’ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕ್ಯಾನ್ಸರ್ ಆಪರೇಷನ್ ಆದವರು ಮನೆಯಲ್ಲಿ ಇದ್ದರೆ ದಯವಿಟ್ಟು ಪೂರ್ತಿ ಓದಿ. ನನ್ನ 28,000 ರೂಪಾಯಿ ಹೋಯಿತು, ಅದು ಹಾಳಾಗಲಿ. ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಅವಳಿಗೆ ಇಷ್ಟ ಇರಲಿಲ್ಲ, ನಾನೇ ಬಲವಂತ ಮಾಡಿದೆ. ಇದನ್ನು ಬರೆಯಲು ಮೂರು ವಾರ ಬೇಕಾಯಿತು, ಅಷ್ಟು ನಾಚಿಕೆ.

ಅಮ್ಮನಿಗೆ 64 ವರ್ಷ. ಎಡ ಎದೆಯ ಆಪರೇಷನ್ ಆದಾಗ ಕಂಕುಳಲ್ಲಿದ್ದ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದರು. ಆಮೇಲೆ ರೇಡಿಯೇಷನ್. ಒಂದೂವರೆ ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಎಡಗೈಗೆ ಬ್ಲೌಸಿನ ತೋಳು ಬಿಗಿಯಾಗಲು ಶುರುವಾಯಿತು. ಸುಮ್ನೆ ಹೊಲಿಗೆ ಬಿಚ್ಚಿ ಹಾಕಿಕೊಂಡಳು, ನಮಗೆ ಯಾರಿಗೂ ಹೇಳಲಿಲ್ಲ. ಗೌರಿ ಹಬ್ಬಕ್ಕೆ ಬಳೆ ತೊಡಿಸುವಾಗ ಬಲಗೈಗೆ ಸಲೀಸಾಗಿ ಹೋದ ಬಳೆ ಎಡಗೈಯಲ್ಲಿ ಗೆಣ್ಣು ದಾಟಲಿಲ್ಲ. ಆಗಲೇ ನನಗೆ ಗೊತ್ತಾಗಿದ್ದು.

ಇದಕ್ಕೆ ಲಿಂಫೆಡೀಮಾ ಅಂತಾರೆ. ಲಿಂಫ್ ಅಂದರೆ ಮೈಯೊಳಗೆ ಹರಿಯುವ ತಿಳಿ ನೀರು. ಗ್ರಂಥಿಗಳನ್ನು ತೆಗೆದ ಕಡೆ ಅದು ಹರಿದು ಹೋಗುವ ದಾರಿ ಕಡಿಮೆಯಾಗುತ್ತದೆ, ಕೈಯಲ್ಲಿ ನಿಲ್ಲುತ್ತದೆ. ಆಪರೇಷನ್ ಆಗಿ ತಿಂಗಳುಗಳಾದ ಮೇಲೂ ಬರಬಹುದು, ವರ್ಷಗಳಾದ ಮೇಲೂ ಬರಬಹುದು. ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯವರು ಹೇಳಿದ್ದರಂತೆ. ನನಗೆ ನೆನಪೇ ಇರಲಿಲ್ಲ.

ನಮ್ಮ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೂರು ವಾರ ಆದ ಮೇಲೆ. ಆ ಮೂರು ವಾರ ಕಾಯಬೇಕಿತ್ತು. ನಾನು ರಾತ್ರಿ ಹೊತ್ತು ಫೋನಲ್ಲಿ ‘ಕೈ ಊತ’, ‘ಲಿಂಫ್’ ಅಂತ ಹುಡುಕುತ್ತಾ ಕೂತೆ. ಮಾರನೇ ದಿನದಿಂದ ಇನ್‌ಸ್ಟಾಗ್ರಾಂ ತುಂಬಾ ಇದೇ ಜಾಹೀರಾತು. ಜಯನಗರದ ಕಡೆ ಒಂದು ವೆಲ್‌ನೆಸ್ ಸೆಂಟರ್. ‘ಆಪರೇಷನ್ ನಂತರದ ಊತಕ್ಕೆ ಲಿಂಫ್ಯಾಟಿಕ್ ಡ್ರೈನೇಜ್ ಚಿಕಿತ್ಸೆ’ ಅಂತ ಕನ್ನಡದಲ್ಲೇ ಹಾಕಿದ್ದರು. ಚಿಕಿತ್ಸೆ ಅನ್ನುವ ಪದ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ವಿಜಯನಗರದಿಂದ ಮೆಟ್ರೋದಲ್ಲಿ ಹೋದೆವು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ. ಅಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಸೆಂಟರ್ ಚೆನ್ನಾಗಿತ್ತು, ತಣ್ಣಗೆ ಎಸಿ, ನಿಂಬೆಹುಲ್ಲಿನ ವಾಸನೆ. ಕೌಂಟರಲ್ಲಿದ್ದ ಹುಡುಗಿ ‘ಬನ್ನಿ ಆಂಟಿ’ ಅಂತ ಅಮ್ಮನ ಕೈ ಹಿಡಿದು ಕೂರಿಸಿದಳು. ಫಾರಂನಲ್ಲಿ ‘ಹಿಂದೆ ಆಪರೇಷನ್ ಆಗಿದೆಯಾ’ ಅಂತ ಇತ್ತು. ಸ್ತನ ಕ್ಯಾನ್ಸರ್, ಕಂಕುಳ ಗ್ರಂಥಿ ತೆಗೆದಿದ್ದಾರೆ ಅಂತ ನನ್ನ ಕೈಯಾರೆ ಬರೆದೆ. ಅವಳು ಟಿಕ್ ಹಾಕಿ ಫೈಲಿಗೆ ಸೇರಿಸಿದಳು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ರಿಪೋರ್ಟ್ ತೋರಿಸಿ ಅನ್ನಲಿಲ್ಲ. ಎರಡೂ ಕೈಯ ಸುತ್ತಳತೆ ತೆಗೆದುಕೊಳ್ಳಲಿಲ್ಲ. ನನಗೆ ಆಗ ಇದು ತಪ್ಪು ಅಂತ ಹೊಳೆಯಲೇ ಇಲ್ಲ. ದರ್ಜಿ ಕೂಡ ಟೇಪು ಹಿಡಿಯದೆ ಬಟ್ಟೆ ಕತ್ತರಿಸುವುದಿಲ್ಲ, ಅಲ್ವಾ?

ಒಂದು ಸಿಟ್ಟಿಂಗ್ 3,500, ಹತ್ತಕ್ಕೆ ಪ್ಯಾಕೇಜ್ ತೊಗೊಂಡ್ರೆ 28,000, ‘ಇವತ್ತೇ ಕಟ್ಟಿದ್ರೆ ಮಾತ್ರ ಮೇಡಂ’. ಕಟ್ಟಿದೆ. ಫೋನಲ್ಲೇ ಕಳಿಸಿದೆ, ಎರಡು ನಿಮಿಷವೂ ಆಗಲಿಲ್ಲ.

ಮೊದಲ ದಿನ ಹೊರಗೆ ಬಂದ ಅಮ್ಮ ಹೇಳಿದ್ದು: “ತುಂಬಾ ಜೋರಾಗಿ ಒತ್ತುತ್ತಾಳೆ ಕಣೇ.” ಎಣ್ಣೆ ಹಚ್ಚಿ, ಮರದ ರೋಲರ್‌ನಲ್ಲಿ ಮಣಿಕಟ್ಟಿನಿಂದ ಭುಜದವರೆಗೆ ಉಜ್ಜುತ್ತಿದ್ದರಂತೆ. ಆಮೇಲೆ ಹದಿನೈದು ನಿಮಿಷ ಸ್ಟೀಮ್. ನಾನು ಥೆರಪಿಸ್ಟ್ ಹುಡುಗಿಯನ್ನು ಕೇಳಿದೆ. “ಹಳೇ ನೀರು ಗಟ್ಟಿಯಾಗಿರತ್ತೆ ಮೇಡಂ, ಜೋರಾಗಿ ಒತ್ತಿದ್ರೇನೇ ಒಡೆಯೋದು” ಅಂದಳು. ನಾನು ಅಮ್ಮನಿಗೆ ಏನು ಹೇಳಿದೆ ಗೊತ್ತಾ? ಸ್ವಲ್ಪ ತಡ್ಕೋಮ್ಮ, ದುಡ್ಡು ಕಟ್ಟಿದ್ದೀವಿ. ಹಾಗೆ ಹೇಳಿದೆ.

ಎರಡನೇ ಸಲ ಆದ ಮೇಲೆ ಕೈ ಮೇಲೆ ಕೆಂಪು ಗೆರೆಗಳು. ವಾಟ್ಸ್ಆಪಲ್ಲಿ ಫೋಟೋ ಕಳಿಸಿದೆ. ಉತ್ತರ: “ಟಾಕ್ಸಿನ್ಸ್ ಹೊರಗೆ ಬರ್ತಿದೆ ಮೇಡಂ, ಒಳ್ಳೇ ಸೂಚನೆ, ಬಿಸಿನೀರು ಕುಡಿಸಿ.” ಮೂರನೇ ಸಲ ಆದ ಮೇಲೆ ಊತ ಜಾಸ್ತಿಯಾಗಿದೆ ಅಂದೆ. “ಮೊದಲು ಜಾಸ್ತಿ ಆಗಿ ಆಮೇಲೆ ಇಳಿಯತ್ತೆ, ಮಧ್ಯ ಬಿಟ್ರೆ ಮಾಡಿದ್ದೆಲ್ಲಾ ವೇಸ್ಟ್ ಆಗತ್ತೆ.” ನಂಬಿದೆ. ಜಾಸ್ತಿಯಾದರೂ ಒಳ್ಳೆಯದು, ಕಡಿಮೆಯಾದರೂ ಒಳ್ಳೆಯದು ಅಂದರೆ ಕೆಟ್ಟದ್ದು ಯಾವುದು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ನಾಲ್ಕನೇ ಸಿಟ್ಟಿಂಗ್ ಆದ ರಾತ್ರಿ ಹನ್ನೊಂದೂವರೆಗೆ ಅಮ್ಮನಿಗೆ ಚಳಿ ಬಂತು. ಎರಡು ರಗ್ಗು ಹೊದಿಸಿದರೂ ನಡುಕ. ಜ್ವರ 102. ಎಡಗೈ ಮೊಣಕೈಯಿಂದ ಮೇಲೆ ಕೆಂಪಗಾಗಿ ಸುಡುತ್ತಿತ್ತು, ಬೆರಳು ತಾಗಿಸಿದರೆ ಕಿರುಚುತ್ತಿದ್ದಳು. ಕ್ಯಾಬ್ ಮಾಡಿಕೊಂಡು ಎಮರ್ಜೆನ್ಸಿಗೆ ಓಡಿದೆವು. ಸೆಲ್ಯುಲೈಟಿಸ್ ಅಂದರು, ಅಂದರೆ ಚರ್ಮದ ಒಳಗೆ ಸೋಂಕು. ಲಿಂಫ್ ಸರಿಯಾಗಿ ಹರಿಯದ ಕೈಗೆ ಇದು ಬೇಗ ಹತ್ತುತ್ತದಂತೆ, ಸಣ್ಣ ಗೀರು ಸಾಕು. ರೋಲರ್ ಉಜ್ಜಿದ ಕಡೆ ಚರ್ಮ ಕಿತ್ತಿತ್ತು. ನಾಲ್ಕು ದಿನ ಡ್ರಿಪ್‌ನಲ್ಲಿ ಆಂಟಿಬಯಾಟಿಕ್. ಕೈಯಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಕೂಡ ಮಾಡಿದರು. ದೇವರ ದಯೆ, ಇರಲಿಲ್ಲ. ಇದ್ದು, ಅದರ ಮೇಲೆ ರೋಲರ್ ಎಳೆದಿದ್ದರೆ ಗಡ್ಡೆ ಶ್ವಾಸಕೋಶಕ್ಕೆ ಹೋಗಬಹುದಿತ್ತು ಅಂತ ಡ್ಯೂಟಿ ಡಾಕ್ಟರು ಹೇಳಿದರು. ನನಗೆ ಕಾಲು ಸೋತು ಹೋಯಿತು.

ನಾನು ಮೋಸ ಹೋಗಿದ್ದೇನೆ ಅಂತ ಪೂರ್ತಿ ಗೊತ್ತಾಗಿದ್ದು ಆ ರಾತ್ರಿ ಅಲ್ಲ. ಸೋಂಕು ಇಳಿದು ಎರಡು ವಾರ ಆದ ಮೇಲೆ ಆಸ್ಪತ್ರೆಯ ಫಿಸಿಯೋ ಹತ್ತಿರ ಹೋದಾಗ. ಆಕೆ ಮೊದಲು ಟೇಪು ತೆಗೆದು ಎರಡೂ ಕೈಯನ್ನು ನಾಲ್ಕು ಸೆಂಟಿಮೀಟರ್‌ಗೆ ಒಂದರಂತೆ ಅಳೆದು ಬರೆದುಕೊಂಡರು. ಆಮೇಲೆ ಲಿಂಫ್ಯಾಟಿಕ್ ಡ್ರೈನೇಜ್ ಮಾಡುತ್ತೇನೆ ಅಂದರು. ಆ ಮಾತು ಕೇಳಿದ್ದೇ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಫಿಸಿಯೋ ನನ್ನ ಕೈ ಹಿಡಿದು, “ಮೊದಲು ನಿಮಗೆ ಮಾಡಿ ತೋರಿಸ್ತೀನಿ, ಅಮ್ಮ ನೋಡಲಿ” ಅಂದರು. ಎಣ್ಣೆ ಇಲ್ಲ. ಬೆರಳುಗಳನ್ನು ಚರ್ಮದ ಮೇಲೆ ಇಟ್ಟು ಚರ್ಮವನ್ನು ಮೆಲ್ಲಗೆ ಜರುಗಿಸಿ ಬಿಟ್ಟರು. ಮತ್ತೆ ಜರುಗಿಸಿ ಬಿಟ್ಟರು. ಮಗುವಿನ ತಲೆ ಸವರಿದ ಹಾಗೆ.

“ಇಷ್ಟೇನಾ?” ಅಂದೆ.

“ಇಷ್ಟೇ. ಲಿಂಫಿನ ಸಣ್ಣ ನಾಳಗಳು ಚರ್ಮದ ಕೆಳಗೇ ಇರ್ತವೆ. ಜೋರಾಗಿ ಒತ್ತಿದ್ರೆ ಕೆಲಸ ಆಗಲ್ಲ, ಪೆಟ್ಟಾಗತ್ತೆ.”

ಅಷ್ಟೇ ಅಲ್ಲ. ಶುರು ಮಾಡಿದ್ದು ಊದಿದ ಕೈಯಿಂದಲ್ಲ. ಮೊದಲು ಕುತ್ತಿಗೆ, ಆಮೇಲೆ ಬಲ ಕಂಕುಳು, ಎದೆ, ಕೊನೆಗೆ ಎಡಗೈ, ಅದೂ ಮೇಲಿನಿಂದ. ಮೈಯ ಲಿಂಫ್ ಎಲ್ಲಾ ಕೊನೆಗೆ ಕುತ್ತಿಗೆ ಬುಡದ ಹತ್ತಿರ ರಕ್ತನಾಳಕ್ಕೆ ಸೇರುತ್ತದಂತೆ. ಮಳೆ ಬಂದಾಗ ನಮ್ಮ ರಸ್ತೆಯಲ್ಲಿ ಮುಂದಿನ ಮೋರಿ ಕಟ್ಟಿಕೊಂಡಿದ್ದರೆ ಹಿಂದಿನಿಂದ ನೀರು ತಳ್ಳಿ ಏನು ಪ್ರಯೋಜನ? ಸೆಂಟರಿನವರು ಮಾಡಿದ್ದು ಅದನ್ನೇ. ಸ್ಟೀಮ್ ಅಂತೂ ಇಂಥ ಕೈಗೆ ಬೇಡವೇ ಬೇಡ ಅಂದರು ಫಿಸಿಯೋ. ಅಮ್ಮ ಆ ದಿನ ಟೇಬಲ್ ಮೇಲೇ ನಿದ್ದೆ ಹೋದಳು. ನಾನು ಪಕ್ಕದಲ್ಲಿ ಕೂತು ಅತ್ತೆ. ಜೋರಾಗಿ ಒತ್ತುತ್ತಾಳೆ ಅಂತ ಮೊದಲ ದಿನವೇ ಹೇಳಿದ್ದಳಲ್ಲ.

ಆ ಸೆಂಟರಿನ ಗೋಡೆ ಮೇಲೆ ‘ವೋಡರ್ ವಿಧಾನ’ ಅಂತ ಫ್ರೇಮ್ ಹಾಕಿದ್ದರು. ಆಮೇಲೆ ಓದಿದೆ. ಎಮಿಲ್ ವೋಡರ್ ಮತ್ತು ಎಸ್ಟ್ರಿಡ್ ವೋಡರ್ ಅಂತ ಡೆನ್ಮಾರ್ಕಿನ ಗಂಡಹೆಂಡತಿ, 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಈ ಲಿಂಫ್ಯಾಟಿಕ್ ಡ್ರೈನೇಜನ್ನು ರೂಪಿಸಿದ್ದು. ಆ ವಿಧಾನದ ಜೀವಾಳವೇ ಹಗುರವಾದ ಕೈ. ಅವರ ಹೆಸರು ಗೋಡೆಗೆ ತೂಗುಹಾಕಿ ಅದರ ಕೆಳಗೇ ರೋಲರ್ ಎಳೆದಿದ್ದಾರೆ. ಟಾಕ್ಸಿನ್ ಮಾತೂ ಅಷ್ಟೇ. ಮೈಯ ಕಸ ತೆಗೆಯುವುದು ಲಿವರ್, ಕಿಡ್ನಿ. ರೋಲರ್ ಅಲ್ಲ.

ಇನ್ನು ದುಡ್ಡಿನ ವಿಷಯ. ಆರು ಸಿಟ್ಟಿಂಗ್ ಬಾಕಿ ಇತ್ತು. ಅಷ್ಟರ ದುಡ್ಡಾದರೂ ಕೊಡಿ ಅಂತ ಕೇಳಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

“ರೀಫಂಡ್ ಪಾಲಿಸಿ ಇಲ್ಲ ಮೇಡಂ, ಬಿಲ್ಲಲ್ಲೇ ಇದೆ.”

“ಆಂಟಿ ಬದಲು ನೀವು ಬನ್ನಿ, ನಿಮಗೆ ಟ್ರಾನ್ಸ್‌ಫರ್ ಮಾಡ್ಕೊಡ್ತೀವಿ. ಫೇಶಿಯಲ್ ಬೇಕಾದ್ರೂ ತೊಗೋಬಹುದು.”

ಅಮ್ಮ ಆಸ್ಪತ್ರೆಯಲ್ಲಿದ್ದಳು ಅಂತ ಹೇಳಿದ ಮೇಲೆ ಬಂದ ಉತ್ತರ ಇದು. ಫೇಶಿಯಲ್!

ಮ್ಯಾನೇಜರ್ ಜೊತೆ ಮಾತಾಡಿದಾಗ, “ನಮ್ಮಿಂದಲೇ ಆಯ್ತು ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ” ಅಂದರು. ಡಾಕ್ಟರ್ ಹಾಗೆ ಬರೆದುಕೊಡಲು ಆಗುವುದಿಲ್ಲ, ಸೋಂಕು ಇಂಥ ಕಡೆಯಿಂದಲೇ ಬಂತು ಅಂತ ಹೇಳುವುದು ಕಷ್ಟ ಅಂದಿದ್ದರು. ಅದು ಆ ಮ್ಯಾನೇಜರಿಗೂ ಗೊತ್ತು. ನಾನು ಬಿಡದೆ, ಜಾಹೀರಾತಲ್ಲಿ ಚಿಕಿತ್ಸೆ ಅಂತ ಹಾಕಿದ್ದೀರಲ್ಲ ಅಂದೆ. “ಮೂರನೇ ಪೇಜ್ ನೋಡಿ ಮೇಡಂ. ಇದು ರಿಲ್ಯಾಕ್ಸೇಷನ್ ಸರ್ವಿಸ್, ವೈದ್ಯಕೀಯ ಚಿಕಿತ್ಸೆ ಅಲ್ಲ ಅಂತ ಇದೆ. ನೀವೇ ಸೈನ್ ಮಾಡಿದ್ದೀರಿ.” ಕರೆಯುವಾಗ ಚಿಕಿತ್ಸೆ, ಕೇಳುವಾಗ ರಿಲ್ಯಾಕ್ಸೇಷನ್. ಮನೆಗೆ ಬಂದು ನೋಡಿದೆ. ಇದೆ, ಸಣ್ಣ ಅಕ್ಷರದಲ್ಲಿ. ಕೆಳಗೆ ನನ್ನ ಸಹಿ.

ಸುಮ್ನೆ ಮೈ ಹಗುರವಾಗಲಿ ಅಂತ ಮಸಾಜಿಗೆ ಹೋಗುವವರಿಗೆ ನಾನು ಏನೂ ಹೇಳುತ್ತಿಲ್ಲ. ಆದರೆ ಊತ ಇದ್ದರೆ, ಆಪರೇಷನ್ ಆಗಿದ್ದರೆ, ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ, ಜ್ವರ ಇದ್ದರೆ, ಹೃದಯದ ಅಥವಾ ಕಿಡ್ನಿ ತೊಂದರೆ ಇದ್ದರೆ ಮಸಾಜಿನ ಟೇಬಲ್ ಹತ್ತಬೇಡಿ. ಚಿಕಿತ್ಸೆ ಅಂತ ಹೇಳುವ ಜಾಗದಲ್ಲಿ ಕೆಪಿಎಂಇ ನೋಂದಣಿ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಮಾಡಿಸುವ ನೋಂದಣಿ) ತೋರಿಸಿ ಅನ್ನಿ. ಇದೆಲ್ಲಾ ಆದ ಮೇಲೆ ನಾನು ಮತ್ತೆ ಆ ಸೆಂಟರಿಗೆ ಹೋಗಿ ನೋಡಿದಾಗ ಅಲ್ಲಿ ಇದ್ದದ್ದು ಪಾಲಿಕೆಯ ಟ್ರೇಡ್ ಲೈಸೆನ್ಸ್ ಮಾತ್ರ. ಕೈ ಅಳೆಯದೇ ಪ್ಯಾಕೇಜ್ ಹೇಳಿದರೆ ಎದ್ದು ಬನ್ನಿ. ಊತ ಇಳಿಸುವುದು ಬರೀ ಕೈ ಸವರುವುದಲ್ಲ, ಅದರ ಜೊತೆ ಬ್ಯಾಂಡೇಜ್ ಸುತ್ತಬೇಕು, ವ್ಯಾಯಾಮ ಬೇಕು, ಚರ್ಮ ನೋಡಿಕೊಳ್ಳಬೇಕು, ಆಮೇಲೆ ಬಿಗಿ ತೋಳುಚೀಲ ಹಾಕಿಕೊಳ್ಳಬೇಕು. ಬ್ಯಾಂಡೇಜ್ ವಿಷಯವನ್ನೇ ಎತ್ತದವರಿಗೆ ಈ ಕೆಲಸ ಗೊತ್ತಿಲ್ಲ ಅಂತಲೇ ನನ್ನ ಲೆಕ್ಕ. ಮತ್ತೆ, ಟೇಬಲ್ ಮೇಲೆ ಮಲಗಿದವರು ನೋವು ಅಂದರೆ ಅವರ ಮಾತು ಕೇಳಿ. ನಾನು ಕೇಳಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಅದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್ಆಪ್ ಎಲ್ಲಾ ಇಟ್ಟುಕೊಂಡಿದ್ದೇನೆ. ಆ ಜಾಹೀರಾತು ಮೊನ್ನೆಯೂ ನನ್ನ ಫೋನಲ್ಲಿ ಬಂತು, ಅದೇ ಚಿಕಿತ್ಸೆ ಅನ್ನುವ ಪದದ ಜೊತೆ. ಅದಕ್ಕೇ ಇವತ್ತು ಕೂತು ಬರೆದೆ.