ರೀಫ್ ಅಕ್ವೇರಿಯಂನ ಪರೀಕ್ಷಾ ಕಿಟ್‌ಗಳು: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ ಬೇಕಾದ ಎಲ್ಲ ಪರೀಕ್ಷೆಗಳನ್ನೂ ಒಂದೇ ಕಂಪನಿಯಿಂದ ಕೊಳ್ಳಬೇಕಾಗಿಲ್ಲ. ಹಲವು ವರ್ಷ ಬೇರೆ ಬೇರೆ ಕಿಟ್‌ಗಳನ್ನು ಬಳಸಿದ ಮೇಲೆ, ಯಾವ ಅಂಶದಲ್ಲಿ ಸಣ್ಣ ಏರುಪೇರೂ ಹವಳಕ್ಕೆ ತಟ್ಟುತ್ತದೆಯೋ ಅದಕ್ಕಷ್ಟೇ ಹೆಚ್ಚು ಖರ್ಚು ಮಾಡುವುದು ಲೇಸೆಂಬ ನಿಲುವಿಗೆ ಬಂದಿದ್ದೇನೆ.

ಮೊದಲ ಸ್ಥಾನ ಆಲ್ಕಲಿನಿಟಿಗೆ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯಕ್ಕೆ. ಸಹಜ ಸಮುದ್ರದ ನೀರಿನಲ್ಲಿ ಇದು ಸುಮಾರು 7 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಒಂದು ಮಾನ) ಇರುತ್ತದೆ. ಗಟ್ಟಿ ಹವಳಗಳು ತುಂಬಿದ ತೊಟ್ಟಿಯಲ್ಲಿ ದಿನದಿನವೂ ಇಳಿಯುತ್ತದೆ. ಇದಕ್ಕೆ ನಾನು ಸ್ಯಾಲಿಫರ್ಟ್ ಕಿಟ್ ಬಳಸುತ್ತೇನೆ. ಸಿರಿಂಜಿನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತಾ ಹೋದಂತೆ ನೀಲಿ-ಹಸಿರು ಬಣ್ಣ ಕಿತ್ತಳೆ-ಗುಲಾಬಿಗೆ ತಿರುಗುತ್ತದೆ. ಕೊನೆಯ ಹನಿಗಳನ್ನು ಒಂದೊಂದಾಗಿ ಬಿಟ್ಟು, ಪ್ರತಿ ಸಲವೂ ಅಲುಗಾಡಿಸಿ, ಬಿಳಿ ಕಾಗದದ ಮುಂದೆ ಹಗಲಿನ ಬೆಳಕಿನಲ್ಲಿ ನೋಡಬೇಕು. ತೊಟ್ಟಿಯ ನೀಲಿ ದೀಪದಡಿ ನಿಂತು ಬಣ್ಣ ನಿರ್ಧರಿಸುವುದು ವ್ಯರ್ಥ.

ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ನಿಧಾನವಾಗಿ ಬದಲಾಗುವುದರಿಂದ, ಕ್ಯಾಲ್ಸಿಯಂ 420ರ ಬದಲು 430 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಯಾವುದೇ ಸಾಧಾರಣ ಹನಿ ಕಿಟ್ ಸಾಕು.

ಫಾಸ್ಫೇಟ್ ವಿಷಯ ಹಾಗಲ್ಲ. ನಮಗೆ ಬೇಕಾದ ಮಟ್ಟ ಸಾಮಾನ್ಯವಾಗಿ 0.03ರಿಂದ 0.1 ಪಿಪಿಎಂ ನಡುವೆ ಇರುತ್ತದೆ. ಅಷ್ಟು ಮಸುಕಾದ ನೀಲಿ ಛಾಯೆಗಳನ್ನು ಬಣ್ಣದ ಚಾರ್ಟಿನೊಂದಿಗೆ ಹೋಲಿಸಿ ಹೇಳುವುದು ಕಣ್ಣಿಗೆ ಮೀರಿದ ಕೆಲಸವಾದ್ದರಿಂದ, ಇಲ್ಲಿ ಬಣ್ಣವನ್ನು ತಾನೇ ಅಳೆದು ಅಂಕಿ ತೋರಿಸುವ ಹಾನ್ನಾ ಕಂಪನಿಯ ಡಿಜಿಟಲ್ ಚೆಕರ್ ನನ್ನ ಆಯ್ಕೆ. ಫಾಸ್ಫರಸ್ ಅಳೆಯುವ ಮಾದರಿಯಾದರೆ ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ಬಂದ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಬೇಕು. 20 ಎಂದು ತೋರಿಸಿದರೆ ಫಾಸ್ಫೇಟ್ ಸುಮಾರು 0.06 ಪಿಪಿಎಂ. ಆದರೆ ಪರದೆಯ ಮೇಲೆ ಅಂಕಿ ಮೂಡಿತೆಂದ ಮಾತ್ರಕ್ಕೆ ಅದು ನಿಖರವೆಂದಲ್ಲ: ಗಾಜಿನ ಬಾಟಲಿಯ ಮೇಲಿನ ಬೆರಳಚ್ಚು, ಒಳಗಿನ ಗುಳ್ಳೆ, ಕರಗದ ಪುಡಿ, ಎಲ್ಲವೂ ಫಲಿತಾಂಶವನ್ನು ಕೆಡಿಸುತ್ತವೆ. ಎರಡು ಮೂರು ಪಿಪಿಬಿಯ ವ್ಯತ್ಯಾಸ ಕಂಡು ಔಷಧಿ ಸುರಿಯುವವರನ್ನು ನೋಡಿದರೆ ನನಗೆ ಅಯ್ಯೋ ಎನಿಸುತ್ತದೆ.

ನೈಟ್ರೇಟ್‌ಗೆ ಎಪಿಐ ಕಿಟ್ ಸಾಕಾಗುತ್ತದೆ, ಆದರೆ ಸೂಚನೆಯಲ್ಲಿರುವಂತೆ ಎರಡನೇ ಬಾಟಲಿಯನ್ನು 30 ಸೆಕೆಂಡು ಬಲವಾಗಿ ಅಲುಗಾಡಿಸಲೇಬೇಕು. ಇಲ್ಲವಾದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಮೋನಿಯಾ, ನೈಟ್ರೈಟ್ ಕಿಟ್‌ಗಳು ಹೊಸ ತೊಟ್ಟಿ ಹದಕ್ಕೆ ಬರುವವರೆಗೆ ಅಗತ್ಯ, ಆಮೇಲೆ ಅಪರೂಪ.

ಸದಾ ಅರ್ಧ ಡಿಕೆಎಚ್ ಹೆಚ್ಚು ತೋರಿಸುವ ಕಿಟ್‌ನೊಂದಿಗೂ ಬಾಳಬಹುದು. ಇಂದೊಂದು ನಾಳೆಯೊಂದು ಹೇಳುವ ಕಿಟ್‌ನೊಂದಿಗೆ ಆಗದು. ಆದ್ದರಿಂದ ಅವಧಿಯ ದಿನಾಂಕ ನೋಡಿಯೇ ಕೊಳ್ಳುತ್ತೇನೆ, ಹಳೆಯ ಕಿಟ್ ಮುಗಿಯುವ ಮೊದಲೇ ಹೊಸದನ್ನು ತೆರೆದು ಒಂದೇ ಲೋಟದ ನೀರನ್ನು ಎರಡರಲ್ಲೂ ಪರೀಕ್ಷಿಸುತ್ತೇನೆ, ಮತ್ತು ಎರಡೂ ಹೊಂದದಿದ್ದಾಗ ಮಾತ್ರ ಮಟ್ಟ ಮೊದಲೇ ಗೊತ್ತಿರುವ ಪ್ರಮಾಣಿತ ದ್ರಾವಣದ ಬಾಟಲಿಗೆ ಕೈಹಾಕುತ್ತೇನೆ.