ನೆರೆ ನೀರಲ್ಲಿ ನಿಂತ ಕಾರಿನ ರಿಪೇರಿ: ಮೂರು ವರ್ಷ ಓಡಿಸಿದ ಮೇಲೆ

ರಿಪೇರಿಯಾಗಿ ಕಾರು ಕೈಗೆ ಬಂದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಎಂಜಿನ್ ಮೊದಲಿನ ಹಾಗೇ ಓಡುತ್ತಿತ್ತು, ಒಳಗೆ ಶಾಂಪೂ ಪರಿಮಳ, ಇನ್ಶೂರೆನ್ಸ್ ದುಡ್ಡೂ ಪಾಸಾಗಿತ್ತು. ಈಗ ಮೂರು ವರ್ಷ ದಾಟಿದೆ. ಮೂರೂವರೆ ಕೊಡುತ್ತೇನೆ.

ಗಾಡಿ 2018ರ ಕೊನೆಗೆ ತೆಗೆದುಕೊಂಡ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಕೆರೆಗಳು ಉಕ್ಕಿ, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದು ನೆನಪಿರಬೇಕು. ನಮ್ಮ ಪಾರ್ಕಿಂಗ್‌ನಲ್ಲಿ ನೀರು ಸೀಟಿನ ಮಟ್ಟಕ್ಕೆ ಬಂದು ನಿಂತಿತು, ಡ್ಯಾಶ್‌ಬೋರ್ಡ್ ಮುಟ್ಟಲಿಲ್ಲ. ಬಂದದ್ದು ಬರೀ ಮಳೆನೀರೂ ಅಲ್ಲ, ಚರಂಡಿ ಬೆರೆತದ್ದು. ವೈರುಗಳ ಜೋಡಣೆಯೊಳಗಿನ ತಾಮ್ರದ ಪಿನ್ನು ತಿನ್ನುವುದರಲ್ಲಿ ಅದರ ವೇಗವೇ ಬೇರೆ.

ನೀರಿಳಿದ ಮೇಲೆ ನಾನು ಕೀ ಹಾಕಲಿಲ್ಲ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಫೋಟೋ ತೆಗೆದು, ಟೋಯಿಂಗ್‌ಗೆ ಫೋನ್ ಮಾಡಿದೆ. ಇಳಿಜಾರಿನ ಕೆಳಗಿದ್ದ ಪಕ್ಕದ ಮನೆಯವರ ಕಾರು ಇನ್ನೂ ಆಳದಲ್ಲಿತ್ತು; ಅವರು "ಒಂದ್ಸಲ ನೋಡೋಣ" ಅಂತ ಸ್ಟಾರ್ಟ್ ಹೊಡೆದರು. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ನು ಅದನ್ನು ಗಾಳಿಯ ಹಾಗೆ ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿತು. ಇದು ನೆರೆಯಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಹಾನಿ ನೋಡಲು ಬಂದ ಇನ್ಶೂರೆನ್ಸ್ ಸರ್ವೇಯರ್ ಬರೆದುಬಿಟ್ಟರು. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ನೆರೆ ಸೇರಿದೆ, ಅದರ ಬೆನ್ನಿಗೆ ಆಗುವ ಈ ಥರದ ಹಾನಿ ಸೇರಿಲ್ಲ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್-ಆನ್ ಮಾರುವುದೇ ಅದಕ್ಕೆ. ನನ್ನ ಪಾಲಿಸಿಯಲ್ಲಿ ಅದಿತ್ತು, ಬೇಕಾಗಲಿಲ್ಲ. ಕೈ ಹಿಡಿದದ್ದು ಝೀರೋ ಡೆಪ್, ಅಂದರೆ ಹಳೆಯದಾದ ಬಿಡಿಭಾಗಕ್ಕೆ ಸವಕಳಿ ಕಳೆಯದೆ ದುಡ್ಡು ಕೊಡುವ ಆಡ್-ಆನ್. ಅದಿಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗಳ ಬೆಲೆಯಲ್ಲಿ ಅರ್ಧ ನಾವೇ ಕಟ್ಟಬೇಕು, ನೆರೆಯಲ್ಲಿ ಹೋಗುವುದೂ ಹೆಚ್ಚಾಗಿ ಅವೇ.

ಟೋಟಲ್ ಲಾಸ್, ಅಂದರೆ ರಿಪೇರಿ ಬಿಟ್ಟು ಕಾರಿನ ಪೂರ್ತಿ ವಿಮಾ ಮೊತ್ತವನ್ನೇ ಕೇಳಬಹುದಿತ್ತಲ್ಲ ಅಂತ ತುಂಬ ಜನ ಕೇಳಿದ್ದಾರೆ. ಕೇಳಿದರೆ ಸಿಗುವುದಲ್ಲ ಅದು. ರಿಪೇರಿ ಅಂದಾಜು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆಯ, 75 ಶೇಕಡಾ ದಾಟಬೇಕು. ಮೂರು ವರ್ಷ ತುಂಬಿ ನಾಲ್ಕರೊಳಗಿನ ಗಾಡಿಗೆ ಐಡಿವಿ ಲೆಕ್ಕದಲ್ಲಿ 40 ಶೇಕಡಾ ಕಳೆಯುತ್ತಾರೆ. ಏಳು ಲಕ್ಷದ ಕಾರು ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೆ ಇಳಿಯುತ್ತದೆ. ಅಂದರೆ ಎಸ್ಟಿಮೇಟು ಮೂರು ಲಕ್ಷ ಹದಿನೈದು ಸಾವಿರ ದಾಟಬೇಕು. ನನ್ನದು ಎರಡು ಲಕ್ಷದ ಆಸುಪಾಸು. ರಿಪೇರಿಯೇ ಗತಿ.

ಸರ್ವೀಸ್ ಸೆಂಟರಿನಲ್ಲಿ ಮುಳುಗಿದ ಕಾರುಗಳ ಸಾಲೇ ಇತ್ತು, ನನ್ನದಕ್ಕೆ ಕೈ ಹಾಕುವ ಹೊತ್ತಿಗೆ ವಾರಗಳೇ ಹೋದವು. ಅಲ್ಲಿಯವರೆಗೆ ಒದ್ದೆ ಕಾರ್ಪೆಟ್ಟಿನ ಮೇಲೆ ಸೀಟು ಹಾಗೇ ಕೂತಿತ್ತು. ಮೆಕ್ಯಾನಿಕಲ್ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಎಂಜಿನ್ ಆಯಿಲ್ ಸ್ವಚ್ಛವಿದ್ದರೂ ಬದಲಾಯಿಸಿದರು. ಗೇರ್‌ಬಾಕ್ಸಿನ ಆಯಿಲ್ ಮಾತ್ರ ಹಾಲು ಹೆಚ್ಚಾದ ಕಾಫಿಯ ಹಾಗೆ ಬಂತು, ಗಾಳಿಯಾಡುವ ಕಿಂಡಿ (ಬ್ರೀದರ್) ಮೂಲಕ ನೀರು ಎಳೆದುಕೊಂಡಿತ್ತು. ಅದನ್ನು ಎರಡು ಸಲ ಫ್ಲಶ್ ಮಾಡಿದರು. ಸ್ಟಾರ್ಟರ್, ಆಲ್ಟರ್ನೇಟರ್ ಹೊಸದು. ಗೇರ್ ಲಿವರಿನ ಮುಂದೆ ನೆಲಕ್ಕಂಟಿ ಕೂರುವ ಏರ್‌ಬ್ಯಾಗ್ ಕಂಟ್ರೋಲ್ ಮಾಡ್ಯೂಲ್ ಹೊಸದು. ಗೇರ್‌ಬಾಕ್ಸಿನಿಂದ ಇವತ್ತಿನವರೆಗೆ ಒಂದು ಸದ್ದಿಲ್ಲ.

ಎಡವಿದ್ದು ಒಳಗಿನ ಕೆಲಸದಲ್ಲಿ. ಕಾರ್ಪೆಟ್ ತೊಳೆದರು, ಒಣಗಿಸಿದರು, ಹಾಕಿದರು. ಅದರಡಿಯ ಫೆಲ್ಟ್, ಅಂದರೆ ನೀರು ಹೀರಿಕೊಳ್ಳುವ ದಪ್ಪ ಹಾಸು, ಬದಲಾಯಿಸಲಿಲ್ಲ. ಮೇಲೆ ಕೈಯಾಡಿಸಿದರೆ ಒಣಗಿದ್ದೇ, ಕೆಳಗೆ ತಿಂಗಳುಗಟ್ಟಲೆ ತೇವ. ಮರು ಮಳೆಗಾಲ ಶುರುವಾಗುತ್ತಲೇ ಎಸಿ ಹಾಕಿದಾಗೆಲ್ಲ ಬೂಷ್ಟಿನ ವಾಸನೆ, ಬೆಳಿಗ್ಗೆ ಗಾಜಿಗೆಲ್ಲ ಒಳಗಿನಿಂದ ಮಂಜು. ಪರ್ಫ್ಯೂಮ್ ಡಬ್ಬಿ ತಂದು ನೇತುಹಾಕಿ ಅಂದರು ಸರ್ವೀಸ್ ಅಡ್ವೈಸರ್. ಆಮೇಲೆ ಏರ್‌ಬ್ಯಾಗ್ ಲೈಟ್ ಹತ್ತಿತು. ಮಾಡ್ಯೂಲ್ ಹೊಸದು, ಇನ್ನೇನು ಕೇಡು? ಸ್ಕ್ಯಾನರ್ ಹಾಕಿದರೆ ಡ್ರೈವರ್ ಬದಿಯ ಸೀಟ್‌ಬೆಲ್ಟಿನಲ್ಲಿ ದೋಷ ಅನ್ನುವ ಕೋಡ್. ಕೋಡ್ ಅಳಿಸಿ ಕಳಿಸುತ್ತಿದ್ದರು, ಲೈಟ್ ಮತ್ತೆ ಹತ್ತುತ್ತಿತ್ತು.

ಕಡೆಗೆ ಬಿಡಿಸಿದವರು ಹೊರಗಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್. "ಸಾರ್, ಪಾರ್ಟ್ ಏನೂ ಬೇಡ, ಸೀಟ್ ಬಿಚ್ಚೋಣ" ಅಂದರು. ಸೀಟಿನಡಿಯಲ್ಲಿ ಏರ್‌ಬ್ಯಾಗ್ ವೈರುಗಳನ್ನು ಜೋಡಿಸುವ ಹಳದಿ ಕಪ್ಲರ್ ತೆರೆದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಒಂದಿಡೀ ದಿನ ಕೂತು ನೆಲದ ಮಟ್ಟದ ಕಪ್ಲರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರು. ಫೆಲ್ಟ್ ಕಿತ್ತೆಸೆದು ಹೊಸದು ಹಾಸಿದ್ದೂ ಆಗಲೇ. ಅದರಡಿಯಲ್ಲಿ ಕೆರೆಯ ಕೆಸರು ಪದರ ಕಟ್ಟಿ ಕೂತಿತ್ತು, ಸೀಟಿನ ರೈಲಿನಲ್ಲಿ ತುಕ್ಕು. ಲೇಬರ್ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಎರಡು ಲಕ್ಷದ ಬಿಲ್ಲಿನಲ್ಲಿ ಆಗದೇ ಉಳಿದ ಕೆಲಸ ಅದು. ಏರ್‌ಬ್ಯಾಗ್ ವೈರಿಂಗ್ ಗೊತ್ತಿರುವವರ ಕೈಯಲ್ಲೇ ಮಾಡಿಸಿ, ಬ್ಯಾಟರಿ ಬಿಚ್ಚದೆ ಹಳದಿ ಕಪ್ಲರ್ ಮುಟ್ಟಬಾರದು.

ಆಮೇಲೆ ಲೈಟ್ ಹತ್ತಿಲ್ಲ, ವಾಸನೆಯೂ ಹೋಯಿತು. ಹಿಂದಿನ ಎರಡೂ ವೀಲ್ ಬೇರಿಂಗ್ ಕೂಗತೊಡಗಿ ಬದಲಾಯಿಸಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕಿಗೆ ಬಿಗಿಯಾಗಿ ಅದೂ ಹೊಸದಾಯಿತು. ಇವೆಲ್ಲ ಕೈಯಿಂದ ಹೋದ ದುಡ್ಡು, ಕ್ಲೇಮಿಗೆ ಬರುವುದಿಲ್ಲ. ಕ್ಲೇಮ್ ಮಾಡಿದ್ದಕ್ಕೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯಿತು; 20, 25 ಅಂತ ಹತ್ತಿ ಈಗ ಮತ್ತೆ 35 ಶೇಕಡಾಕ್ಕೆ ಬಂದಿದೆ.

ಹಾಗಾದರೆ ಈ ರಿಪೇರಿ ಮಾಡಿಸಬಹುದೇ? ನೀರು ಸೀಟಿನವರೆಗೆ ಬಂದಿದ್ದರೆ ಧಾರಾಳವಾಗಿ. ಸೀಟು, ಕಾರ್ಪೆಟ್, ಫೆಲ್ಟ್ ಎಲ್ಲ ಹೊರಗೆ ಬಂದು ಬರೀ ತಗಡು ಕಾಣುವ ಫೋಟೋ ಕಳಿಸಿ ಅಂತ ಮೊದಲೇ ಹೇಳಿಬಿಡಿ. ಕೊಡದವರಿಗೆ ಗಾಡಿ ಬಿಡಬೇಡಿ. ಡ್ಯಾಶ್‌ಬೋರ್ಡಿನೊಳಗೆ ನೀರು ಹೊಕ್ಕಿದ್ದರೆ ಟೋಟಲ್ ಲಾಸ್‌ಗೇ ಪಟ್ಟು ಹಿಡಿಯುತ್ತೇನೆ. ಅಲ್ಲಿನ ವೈರಿಂಗನ್ನು ಕಪ್ಲರ್ ಕಪ್ಲರಾಗಿ ಬಿಚ್ಚುವ ತಾಳ್ಮೆ ಯಾವ ವರ್ಕ್‌ಶಾಪಿಗೂ ಇರುವುದಿಲ್ಲ. ಅಂಥ ಕಾರುಗಳು ಹರಾಜಾಗಿ, ತೊಳೆದು ಪಾಲಿಶ್ ಆಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ಬರುತ್ತವೆ. ಹಳೇ ಕಾರು ನೋಡಲು ಹೋದವರು ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಸುರುಳಿಯೊಳಗೆ ಉಳಿದ ಕೆಸರಿನ ಗೆರೆಯನ್ನು ಯಾರೂ ತೊಳೆದಿರುವುದಿಲ್ಲ. ನನ್ನ ಕಾರಿನಲ್ಲಿ ಇವತ್ತೂ ಇದೆ.